ಸಂಜೆ ಹೊತ್ತಿನ ಹಮ್ ಹೋದದ್ದು ಹೀಗೆ

ಗಂಗಾವತಿಯಲ್ಲಿ ಭಜನೆ ಪದ, ತತ್ವಪದ ರೆಕಾರ್ಡ್ ಮಾಡುತ್ತೇನೆ. ರೂಮಿನ ಸುತ್ತ ಅಕ್ಕಿ ಗಿರಣಿ. ಮೈಕಿನ ಸಣ್ಣ ಸಿಗ್ನಲ್ ಹಿಗ್ಗಿಸಲು ನಾನೇ ಕಟ್ಟಿದ ಪ್ರೀಆಂಪ್ ಬೆಳಿಗ್ಗೆ ತೆಪ್ಪಗಿರುತ್ತಿತ್ತು. ಸಂಜೆ ಲೋಡ್ ಏರಿ ವೋಲ್ಟೇಜ್ 190ರ ಆಸುಪಾಸಿಗೆ ಬಂತೆಂದರೆ ಹಮ್, ಅಂದರೆ ಗುಂಯ್ ಅನ್ನುವ ಸದ್ದು ಶುರು. ಏಕತಾರಿಯ ನಾದ ಇಳಿಯುವ ಹೊತ್ತಿಗೆ ಅದೇ ಮೇಲೆದ್ದು ಕೇಳುತ್ತಿತ್ತು.

ಅರ್ಥಿಂಗ್ ಸರಿಯಿಲ್ಲ ಅಂದರು. ಹೊಸ ಗುಂಡಿ ತೋಡಿಸಿ ಇದ್ದಿಲು, ಉಪ್ಪು ಹಾಕಿಸಿದೆ. ನಾಲ್ಕೂವರೆ ಸಾವಿರದ ಹತ್ತಿರ ಹೋಯ್ತು. ಮೈಕ್ ಮುಟ್ಟಿದರೆ ಜುಮ್ ಅನ್ನೋದು ನಿಂತಿತು, ಹಮ್ ನಿಲ್ಲಲಿಲ್ಲ. ಕೇಬಲ್‌ಗೆ ಇನ್ನೆರಡು ಸಾವಿರ. ಸ್ಟೆಬಿಲೈಸರ್ ತಂದಾಗ ಹಮ್ ಏನೋ ಕಡಿಮೆಯಾಯ್ತು, ಆದರೆ ರಿಲೇ ಟಕ್ ಅಂದಾಗಲೆಲ್ಲ ಟೇಕ್ ಹಾಳು. 'ಇದನ್ನ ಬಿಸಾಕು, ಒಳ್ಳೆ ಮಿಕ್ಸರ್ ತಗೋ' ಅಂತ ಎಲ್ಲರದೂ ಒಂದೇ ಮಾತು.

ಬೈಕ್ ಬ್ಯಾಟರಿ ಬಿಚ್ಚಿ ಪ್ರೀಆಂಪ್‌ಗೆ ನೇರ 12 ವೋಲ್ಟ್ ಕೊಟ್ಟೆ. ಗಿರಣಿ ಓಡುತ್ತಲೇ ಇತ್ತು, ಹಮ್ ಇಲ್ಲವೇ ಇಲ್ಲ! ಕಂಪ್ಯೂಟರಿನಲ್ಲಿ ಹಳೆಯ ಟೇಕ್ ನೋಡಿದರೆ ಜಾಸ್ತಿ ಇದ್ದದ್ದು ಲೈನ್ ಕರೆಂಟಿನ 50 ಹರ್ಟ್ಸ್ ಅಲ್ಲ, ಅದರ ಎರಡು ಪಟ್ಟು, 100. ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್ ದಾಟಿ ಬಂದ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ), ಅಲ್ವಾ?

ಲೆಕ್ಕ ಹಾಕಿ. 12 ವೋಲ್ಟ್ ಟ್ರಾನ್ಸ್‌ಫಾರ್ಮರ್, 230 ಇದ್ದಾಗ ಬ್ರಿಡ್ಜ್ ದಾಟಿ ಹದಿನೈದೂವರೆ. ಅದೇ 190ಕ್ಕೆ ಹನ್ನೆರಡೂವರೆ. ಹೆಡ್‌ಫೋನ್ ಆಂಪ್ ಸೇರಿ ಅರ್ಧ ಆಂಪಿಯರ್ ಎಳೆದರೆ 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೇಲೆ ಒಂದು ವೋಲ್ಟ್ ರಿಪಲ್. ವೋಲ್ಟೇಜನ್ನು 12ಕ್ಕೆ ಕಟ್ಟಿಡುವ ರೆಗ್ಯುಲೇಟರ್ ಐಸಿ 7812ಕ್ಕೆ ಕೆಲಸ ಮಾಡಲು 14 ಆದರೂ ಬೇಕು. ಅಷ್ಟು ಸಿಗದಿದ್ದರೆ ಅದು ರಿಪಲ್ಲನ್ನು ಹಾಗೇ ಮುಂದಕ್ಕೆ ಬಿಡುತ್ತದೆ.

ಮೋಟರ್ ವೈಂಡಿಂಗ್ ಮಾಡುವವರ ಹತ್ತಿರ ಕೂತು 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಸುತ್ತಿಸಿದೆ. ಲೈನಿನ ಗಲಾಟೆ ಒಳಗೆ ದಾಟದಿರಲಿ ಅಂತ ಪ್ರೈಮರಿ, ಸೆಕೆಂಡರಿ ಸುತ್ತುಗಳ ನಡುವೆ ತಾಮ್ರದ ಹಾಳೆ ಹಾಕಿಸಿ ಅರ್ಥ್‌ಗೆ ಕೊಟ್ಟೆ. ಹಾಳೆಯ ಎರಡು ತುದಿ ಒಂದಕ್ಕೊಂದು ತಾಗಬಾರದು, ತಾಗಿದರೆ ಶಾರ್ಟ್ ಆದ ಸುತ್ತಾಗಿ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕೆಪಾಸಿಟರ್ ಎರಡು ಪಟ್ಟು ಮಾಡಿದೆ. ಬೆಳಿಗ್ಗೆ 240 ಬಂದರೆ 7812ರಲ್ಲಿ ನಾಲ್ಕು ವ್ಯಾಟ್ ಬಿಸಿ, ಹಾಗಾಗಿ ದೊಡ್ಡ ಹೀಟ್‌ಸಿಂಕ್. ಎಲ್ಲಾ ಸೇರಿ ಸಾವಿರದ ಮುನ್ನೂರೋ ನಾನೂರೋ. ಗ್ರೌಂಡ್ ವೈರ್‌ಗಳನ್ನು ಯಾವ ಪಾಯಿಂಟಿಗೆ ಸೇರಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಇದರ ನಡುವೆ ಸುಮ್ನೆ ಫ್ಯಾನಿನ ಡಿಮ್ಮರ್ ತೆಗೆದು ಕೆಪಾಸಿಟರ್ ಥರದ ಸ್ಟೆಪ್ ರೆಗ್ಯುಲೇಟರ್ ಹಾಕಿ ನೋಡಿದೆ. ಜಿರ್ ಅನ್ನುವ ಇನ್ನೊಂದು ಸದ್ದೂ ಹೋಯ್ತು.

ಮಿಕ್ಸರ್ ತಗೋ ಅಂದವರೇ ಈಗ ತಮ್ಮ ಸಪ್ಲೈ ಬಾಕ್ಸ್ ಹಿಡಿದು ಬರುತ್ತಿದ್ದಾರೆ. ವೋಲ್ಟೇಜ್ 175ಕ್ಕಿಂತ ಕೆಳಗೆ ಹೋದರೆ ಇದೂ ಸಾಲದು. ಆಗ ಬ್ಯಾಟರಿಯ ಮೇಲೆಯೇ ರೆಕಾರ್ಡ್ ಮಾಡುತ್ತೇನೆ.