ಸೈಟಿಗೆ ಹೋಗದೆ 11 ಸರ್ವರ್‌ಗಳ ಐಪಿ ಬದಲಾಯಿಸಿದ್ದು: ನನ್ನ ಅನುಭವ

ಉಬುಂಟು (ಒಂದು ಬಗೆಯ ಲಿನಕ್ಸ್) ಸರ್ವರಿನ ಐಪಿಯನ್ನು, ಅಂದರೆ ನೆಟ್‌ವರ್ಕ್ ವಿಳಾಸವನ್ನು, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಮೇಲೆ ಕೂತು ಬದಲಾಯಿಸಲು ಹೋದರೆ ಮೆಷಿನ್ ಕೈತಪ್ಪುತ್ತದೆ, ಮಾನಿಟರ್ ಹೊತ್ತುಕೊಂಡು ಸೈಟಿಗೆ ಹೋಗಲೇಬೇಕು ಅಂತ ಎಲ್ಲರೂ ಹೇಳಿದ್ದರು. 11 ಮೆಷಿನ್‌ಗಳು 192.168.1 ಸಾಲಿನಿಂದ 10.20.30 ಸಾಲಿಗೆ ಹೋದವು, ಒಂದೂ ಕೈತಪ್ಪಲಿಲ್ಲ. ಒಂದು ಸಲ ಹೋಗಿಬರಲು ಕಾರು, ಊಟ ಸೇರಿ 4,000 ರೂಪಾಯಿಯ ಹತ್ತಿರ ಆಗುತ್ತಿತ್ತು. ದೂರದಿಂದಲೇ ಸ್ಕ್ರೀನ್, ಕೀಬೋರ್ಡ್ ತೋರಿಸುವ ರಿಮೋಟ್ ಕೆವಿಎಂ ಪೆಟ್ಟಿಗೆ ಕೊಂಡಿದ್ದರೆ ಅದರ ಐದಾರು ಪಟ್ಟು. ಎರಡೂ ಉಳಿಯಿತು.

ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ನೋಡಿಕೊಳ್ಳುವುದು ನೆಟ್‌ಪ್ಲಾನ್. ಹೊಸ ಸೆಟ್ಟಿಂಗ್ ಪರೀಕ್ಷಿಸಲು 'ನೆಟ್‌ಪ್ಲಾನ್ ಟ್ರೈ' ಆಜ್ಞೆ ಕೊಟ್ಟರೆ 120 ಸೆಕೆಂಡಿನೊಳಗೆ ಎಂಟರ್ ಒತ್ತಬೇಕು, ಇಲ್ಲದಿದ್ದರೆ ಹಳೆಯ ಸೆಟಪ್ಪಿಗೆ ಮರಳುತ್ತದೆ. ಆದರೆ ಐಪಿಯೇ ಬದಲಾದರೆ ನಾವು ಕೂತ ಸೆಷನ್ನೇ ಸತ್ತಿರುತ್ತದೆ, ಎಂಟರ್ ಒತ್ತುವವರು ಯಾರು? ಅದಕ್ಕೇ ಹಳೆಯದನ್ನು ತೆಗೆಯದೆ, ಹೊಸದನ್ನು ನೆಟ್‌ಪ್ಲಾನ್ ಫೈಲಿನ ಅದೇ ಅಡ್ರೆಸೆಸ್ ಪಟ್ಟಿಯಲ್ಲಿ ಎರಡನೇ ಸಾಲಾಗಿ ಸೇರಿಸಿದೆ. ರೂಟರಿನ ಅದೇ ಪೋರ್ಟಿನಲ್ಲಿ ಎರಡೂ ಗೇಟ್‌ವೇಗಳನ್ನು (ಹೊರಗಿನ ನೆಟ್‌ವರ್ಕಿಗೆ ದಾಟಿಸುವ ವಿಳಾಸಗಳು) ಮೊದಲೇ ಎಬ್ಬಿಸಿಟ್ಟಿರಬೇಕು. ಹಳೆಯ ಸೆಷನ್ ಬದುಕಿದ್ದಾಗಲೇ ಇನ್ನೊಂದು ಟರ್ಮಿನಲ್‌ನಿಂದ ಹೊಸ ವಿಳಾಸಕ್ಕೆ ಲಾಗಿನ್ ಆಗಿ, ಆಮೇಲೆ ಎಂಟರ್. ಎರಡನೇ ಸುತ್ತಿನಲ್ಲಿ ಹೊಸ ವಿಳಾಸದ ಸೆಷನ್‌ನಲ್ಲಿ ಕೂತು ಹಳೆಯ ಸಾಲು ಅಳಿಸಿ, ಡೀಫಾಲ್ಟ್ ರೂಟ್ (ಹೊರಗೆ ಹೋಗುವ ಮಾಮೂಲಿ ದಾರಿ) ಬದಲಿಸಿ, ಮತ್ತೆ ಟ್ರೈ.

ಮೊದಲ ಮೆಷಿನ್‌ನಲ್ಲೇ ಎಡವಟ್ಟಾಯಿತು. ಹೊಸ ವಿಳಾಸಕ್ಕೆ ಪಕ್ಕದ ಸರ್ವರಿನಿಂದ ಪಿಂಗ್ (ಮೆಷಿನ್ ಸಿಗುತ್ತದೆಯೇ ಎಂದು ನೋಡುವ ಸಂದೇಶ) ಮಾಡಿದರೆ ಉತ್ತರ ಬರುತ್ತದೆ, ಹೊರಗಿನಿಂದ ಮಾಡಿದರೆ ಬರುವುದಿಲ್ಲ. ಉತ್ತರ ಹಳೆಯ ಗೇಟ್‌ವೇ ಮೂಲಕ ಹೊರಟು ರೂಟರ್‌ನಲ್ಲೇ ಕಳೆದುಹೋಗುತ್ತಿತ್ತು. ಯಾವ ವಿಳಾಸದ ಉತ್ತರ ಯಾವ ದಾರಿಯಲ್ಲಿ ಹೋಗಬೇಕು ಎಂದು ಹೇಳುವ ರೂಟಿಂಗ್-ಪಾಲಿಸಿ ಕೆಳಗೆ 'ಫ್ರಂ' ಹೊಸ ವಿಳಾಸ, 'ಟೇಬಲ್' 101 ಎಂದು ಬರೆದು, ಅದೇ 101ಕ್ಕೆ ಹೊಸ ಗೇಟ್‌ವೇಯ ಡೀಫಾಲ್ಟ್ ರೂಟ್ ಕೊಟ್ಟ ಮೇಲೆ ಸರಿಹೋಯಿತು. ಗೇಟ್‌ವೇಯನ್ನು ಹಳೆಯ ರೀತಿಯಲ್ಲಿ ಗೇಟ್‌ವೇ4 ಎಂದು ಬರೆಯುವ ಅಭ್ಯಾಸ ಬಿಡಿ, ಉಬುಂಟು 22.04ರಲ್ಲಿ ಅದು ಎಚ್ಚರಿಕೆ ಕೊಡುತ್ತದೆ. ರೂಟ್ಸ್ ಕೆಳಗೆ 'ಟು ಡೀಫಾಲ್ಟ್', 'ವಯಾ' ಬರೆಯಿರಿ.

ಅರ್ಧ ದಿನ ತಿಂದಿದ್ದು ಫೈಲುಗಳ ವಿಲೀನ. ಬೂಟ್ ಆಗುವಾಗ ಆರಂಭಿಕ ಸೆಟಪ್ ಮಾಡುವ ಕ್ಲೌಡ್-ಇನಿಟ್ ಬರೆದಿಟ್ಟ 50-ಕ್ಲೌಡ್-ಇನಿಟ್ ಫೈಲನ್ನು ಹಾಗೇ ಬಿಟ್ಟು, ಹೆಸರು 99ರಿಂದ ಶುರುವಾಗುವ ನನ್ನದನ್ನು ಸೇರಿಸಿದ್ದೆ. ಒಂದೇ ಮೌಲ್ಯ ಇರುವ ಕಡೆ ಮಾತ್ರ ನೆಟ್‌ಪ್ಲಾನ್ ಹಳೆಯದರ ಬದಲು ಹೊಸದನ್ನು ಇಡುತ್ತದೆ, ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ನಾನು ಅಳಿಸಿದ ಹಳೆಯ ವಿಳಾಸ ಆ 50ರ ಫೈಲಿನಿಂದ ಪ್ರತಿ ಸಲ ಎದ್ದು ಬರುತ್ತಿತ್ತು. ಇನ್ನೊಂದು ಮೆಷಿನ್‌ನಲ್ಲಿ ಡಿಎಚ್‌ಸಿಪಿ4 ಟ್ರೂ (ನೆಟ್‌ವರ್ಕ್ ತಾನೇ ವಿಳಾಸ ಹಂಚಲಿ ಅನ್ನುವ ಸೆಟ್ಟಿಂಗ್) ಉಳಿದುಹೋಗಿ, ಕೇಳದ ಮೂರನೇ ವಿಳಾಸವೂ ಬಂತು. ಫಾಲ್ಸ್ ಎಂದು ಬಾಯಿಬಿಟ್ಟು ಬರೆಯಬೇಕು. ಕ್ಲೌಡ್-ಇನಿಟ್ ನೆಟ್‌ವರ್ಕ್ ತಂಟೆಗೆ ಬಾರದಂತೆ ಅದರ ಸಂರಚನೆಯಲ್ಲಿ 'ಡಿಸೇಬಲ್ಡ್' ಹಾಕಿ, ಆ ಫೈಲನ್ನೇ ಸರಿಸಿಟ್ಟೆ. ಈ ಫೈಲುಗಳನ್ನು ಬರೆಯುವ ಯಾಮಲ್ ರೂಪದಲ್ಲಿ ಸಾಲು ಒಳಸರಿಸಲು ಟ್ಯಾಬ್ ಒತ್ತಿದರೆ ಕೆಲಸ ಕೆಟ್ಟಿತು, ಸ್ಪೇಸ್ ಮಾತ್ರ. ಫೈಲಿನ ಅನುಮತಿ 600, ಅಂದರೆ ಅದರ ಒಡೆಯ ಮಾತ್ರ ಓದಿ ಬರೆಯಬಹುದು.

ಎರಡು ವರ್ಚುವಲ್ ಮೆಷಿನ್‌ಗಳು ಒಂದೇ ಡಿಎಚ್‌ಸಿಪಿ ವಿಳಾಸಕ್ಕೆ ಕಿತ್ತಾಡುತ್ತಿದ್ದವು, ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಬೇರೆ ಬೇರೆ ಇದ್ದರೂ. ಒಂದೇ ಮೂಲದ ನಕಲುಗಳು, ಹಾಗಾಗಿ ಮೆಷಿನ್-ಐಡಿ (ಲಿನಕ್ಸ್ ಮೆಷಿನ್ನಿನ ಗುರುತು ಸಂಖ್ಯೆ) ಒಂದೇ. ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಂಡಿ, ಡಿಎಚ್‌ಸಿಪಿಗೆ ಹೇಳುವ ಗುರುತನ್ನು ಅದರಿಂದಲೇ ಹುಟ್ಟಿಸುತ್ತದೆ. ಮೆಷಿನ್-ಐಡಿ ಖಾಲಿ ಮಾಡಿ ರೀಬೂಟ್ ಮಾಡಿದೆ. ನೆಟ್‌ಪ್ಲಾನ್‌ನಲ್ಲಿ 'ಡಿಎಚ್‌ಸಿಪಿ-ಐಡೆಂಟಿಫೈಯರ್ ಮ್ಯಾಕ್' ಎಂದು ಬರೆದರೂ ಆಗುತ್ತದೆ.

ಪಕ್ಕದಲ್ಲಿದ್ದ ಒಂದು ರಾಕಿ ಲಿನಕ್ಸ್ 9 (ಇನ್ನೊಂದು ಬಗೆಯ ಲಿನಕ್ಸ್) ಮೆಷಿನ್ ಮೇಲೂ ಅದೇ ಆಟ ಆಡಿ ನೋಡಿದೆ. ಅಲ್ಲಿ ನೆಟ್‌ವರ್ಕ್ ಬದಲಿಸುವ ಆಜ್ಞೆ ಎನ್‌ಎಂಸಿಎಲ್‌ಐನಲ್ಲಿ 'ಐಪಿವಿ4 ಅಡ್ರೆಸೆಸ್' ಪದದ ಎಡಕ್ಕೆ ಪ್ಲಸ್ ಚಿಹ್ನೆ ಹಾಕಿದರೆ ವಿಳಾಸ ಸೇರುತ್ತದೆ, ಮರೆತರೆ ಹಳೆಯದು ಹಾರಿಹೋಗುತ್ತದೆ. ಬದಲಾವಣೆ ಜಾರಿಮಾಡಲು 'ಡಿವೈಸ್ ರೀಅಪ್ಲೈ' ಕೊಟ್ಟಾಗ ಸೆಷನ್ ಅಲುಗಾಡಲಿಲ್ಲ. ನನಗೆ ಇದು ನೆಟ್‌ಪ್ಲಾನ್‌ಗಿಂತ ಹಿಡಿಸಿತು, ಆದರೆ ಟ್ರೈಯಂಥ ರಕ್ಷಣೆ ಅದರಲ್ಲಿ ನನಗೆ ಸಿಗಲಿಲ್ಲ. ಒಂದು ಸ್ಕ್ರಿಪ್ಟ್ ಬರೆದು, ಸಿಸ್ಟಂಡಿ-ರನ್ ಆಜ್ಞೆಯಿಂದ 10 ನಿಮಿಷದ ಟೈಮರ್ ಇಟ್ಟು, ಹಳೆಯ ಸೆಟ್ಟಿಂಗ್ ತಾನೇ ಮರಳುವಂತೆ ಮಾಡಿಕೊಂಡೆ. ಟೈಮರ್ ನಿಲ್ಲಿಸಬೇಕೋ ಬೇಡವೋ ಎಂದು ಆ ಸ್ಕ್ರಿಪ್ಟ್ ಹೇಗೆ ತೀರ್ಮಾನಿಸುತ್ತದೆ ಅನ್ನುವುದು ನನ್ನ ಬಳಿಯೇ ಇರಲಿ.

ಕೊನೆಗೆ ಒಂದೊಂದನ್ನೇ ರೀಬೂಟ್ ಮಾಡಿದಾಗ ಮೂರು ಮೆಷಿನ್ ಎರಡೆರಡು ನಿಮಿಷ ತಡವಾಗಿ ಎದ್ದವು. ಕೇಬಲ್ ಇಲ್ಲದ ಎರಡನೇ ಪೋರ್ಟಿಗಾಗಿ ಕಾಯುತ್ತಿದ್ದವು. ಆ ಪೋರ್ಟಿಗೆ ಆಪ್ಷನಲ್ ಟ್ರೂ (ಇದಕ್ಕಾಗಿ ಕಾಯಬೇಡ ಅನ್ನುವ ಸೆಟ್ಟಿಂಗ್) ಹಾಕಿದೆ, ತಡ ನಿಂತಿತು.