ಕರಾವಳಿಯಲ್ಲಿ ಗಿಟಾರಿನ ಕ್ಲೀನ್ ಟೋನ್

ಎಲೆಕ್ಟ್ರಿಕ್ ಗಿಟಾರಿನ ಒಡಕಿಲ್ಲದ ದನಿಗೆ, ಅಂದರೆ ಕ್ಲೀನ್ ಟೋನ್‌ಗೆ ಮಾದರಿ ಬೇಕೆಂದರೆ ಡೈರ್ ಸ್ಟ್ರೈಟ್ಸ್ ಬ್ಯಾಂಡಿನ 1978ರ ಹಾಡು ‘ಸುಲ್ತಾನ್ಸ್ ಆಫ್ ಸ್ವಿಂಗ್’ ಕೇಳಿ. ಅದರಲ್ಲಿ ಬ್ಯಾಂಡಿನ ಗಿಟಾರ್ ವಾದಕ ಮಾರ್ಕ್ ನಾಫ್ಲರ್ ಪಿಕ್ (ತಂತಿ ಮೀಟುವ ಬಿಲ್ಲೆ) ಬಿಟ್ಟು ಬೆರಳಲ್ಲೇ ನುಡಿಸಿದ್ದು; ಸ್ಟ್ರಾಟೊಕಾಸ್ಟರ್ ಗಿಟಾರಿನ ಬ್ರಿಡ್ಜ್ (ತಂತಿ ಕೂರುವ ತುದಿ) ಮತ್ತು ಮಧ್ಯದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಎರಡೂ ಒಟ್ಟಿಗೆ. ಪಿಕಪ್ ಆರಿಸುವ ಐದು ಹಂತದ ಸ್ವಿಚ್ಚಿನಲ್ಲಿ ಅದು ಬ್ರಿಡ್ಜ್ ಕಡೆಯಿಂದ ಎರಡನೆಯದು.

ಜೋರಾಗಿ ಮೀಟಿದಾಗ ದನಿ ಒಡೆಯುವವರೆಗೆ ಆಂಪಿನ (ಆಂಪ್ಲಿಫೈಯರ್) ಗೇನನ್ನು, ಅಂದರೆ ಒಳಬರುವ ಸಂಕೇತದ ಬಲವನ್ನು, ಏರಿಸಿ, ಅಲ್ಲಿಂದ ಚೂರು ಇಳಿಸಿ. ಜೋರು ದನಿಯನ್ನು ತಗ್ಗಿಸಿ ಸಮ ಮಾಡುವ ಕಂಪ್ರೆಸರ್ 3:1 ಅನುಪಾತದಲ್ಲಿದ್ದರೆ ಸಾಕು. ಹೆಚ್ಚಾದರೆ ಬೆರಳಿನ ಏರಿಳಿತವೇ ಸತ್ತುಹೋಗುತ್ತದೆ.

ಪಿಕಪ್ ಎತ್ತರವನ್ನು ಬಹಳ ಜನ ನೋಡುವುದೇ ಇಲ್ಲ. ಕೊನೆಯ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ತಂತಿ ಒತ್ತಿ ಹಿಡಿದು, ತಂತಿಯ ಅಡಿಯಿಂದ ಪಿಕಪ್ಪಿನ ಅಯಸ್ಕಾಂತದ ಮೇಲ್ತುದಿಯವರೆಗೆ ಅಳೆಯಿರಿ: ದಪ್ಪ ತಂತಿಗೆ ಸುಮಾರು 2.4 ಮಿ.ಮೀ., ಸಣ್ಣದಕ್ಕೆ 2. ತೀರಾ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನು ಎಳೆದು, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಕೆಡುತ್ತದೆ.

ಕಾರವಾರ, ಅಂಕೋಲಾ, ಕುಮಟಾ ಕಡೆ ಉಪ್ಪುಗಾಳಿಯೇ ದೊಡ್ಡ ಶತ್ರು. ತುಕ್ಕು ಹಿಡಿದ ತಂತಿಯಿಂದ ಹೊಳಪಿನ ದನಿ ಬರುವುದಿಲ್ಲ, ಟ್ರೆಬಲ್ ಎಷ್ಟೇ ಏರಿಸಿ. ನುಡಿಸಿದ ಕೂಡಲೇ ಒಣಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಿ. ಕೋಟಿಂಗ್ ಇರುವ 10–46 (ತಂತಿಗಳ ದಪ್ಪ, ಇಂಚಿನ ಸಾವಿರದಲ್ಲೊಂದರ ಲೆಕ್ಕದಲ್ಲಿ) ಸೆಟ್ ಹಾಕಿದರೆ ಇನ್ನೂ ಒಳ್ಳೆಯದು. ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ ಗುಂಡಿಯ ಕೆಳಗಿನ ಪೊಟೆನ್ಷಿಯೋಮೀಟರ್, ಅಂದರೆ ಪಾಟ್‌ನೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು, ಹತ್ತಿಪ್ಪತ್ತು ಸಲ ಪೂರ್ತಿ ತಿರುಗಿಸಿ. ಎಣ್ಣೆ ಸ್ಪ್ರೇ ಖಂಡಿತ ಬೇಡ, ಜಿಡ್ಡು ಉಳಿದು ಧೂಳು ಕೂರುತ್ತದೆ.