ಚಿತ್ರಕ್ಕೆ ಕಟ್ಟು ಹಾಕಿಸುವ ಮುಂಚೆ

ಫ್ರೇಮ್ ಅಂಗಡಿಗೆ ಹೋದರೆ ಎಲ್ಲರ ಕಣ್ಣೂ ಮೊದಲು ಪಟ್ಟಿಗಳ ಮೇಲೇ ಬೀಳುತ್ತೆ. ಚಿನ್ನದ ಬಣ್ಣದ್ದಾ, ಕಪ್ಪಾ, ಅಗಲದ್ದಾ, ಸಣ್ಣದ್ದಾ ಅಂತ ಅರ್ಧ ಗಂಟೆ ಅಲ್ಲೇ ಕಳೆಯುತ್ತಾರೆ. ನನ್ನನ್ನು ಕೇಳಿದರೆ ಪಟ್ಟಿಯನ್ನು ಕೊನೆಗೆ ಆರಿಸಿ. ಚಿತ್ರದ ಹಿಂದೆ ಯಾವ ರಟ್ಟು ಇಡುತ್ತೀರಿ, ಹೇಗೆ ಅಂಟಿಸುತ್ತೀರಿ ಅಂತ ಮೊದಲು ವಿಚಾರಿಸಿ. ದುಡ್ಡು ಕಡಿಮೆ ಇದ್ದರೆ ಪಟ್ಟಿಯಲ್ಲಿ ಉಳಿಸಿ, ಒಳಗಡೆ ಉಳಿಸಬೇಡಿ.

ಯಾಕೆಂದರೆ ಕಾಗದವನ್ನು ಕೆಡಿಸುವುದು ಅದಕ್ಕೆ ತಾಗಿಕೊಂಡಿರುವ ವಸ್ತು. ಅಗ್ಗದ ರಟ್ಟಿನಲ್ಲಿ, ಹಾರ್ಡ್‌ಬೋರ್ಡಿನಲ್ಲಿ ಆಮ್ಲದ ಅಂಶ ಇರುತ್ತೆ. ಅದು ನಿಧಾನವಾಗಿ ಚಿತ್ರಕ್ಕೆ ಇಳಿದು, ಕೆಲವು ವರ್ಷಗಳಲ್ಲಿ ಕಾಗದ ಕಂದು ಬಣ್ಣಕ್ಕೆ ತಿರುಗುತ್ತೆ, ಮುಟ್ಟಿದರೆ ಪುಡಿಯಾಗುತ್ತೆ. ಹಳೆಯ ಫ್ರೇಮ್ ಬಿಚ್ಚಿದಾಗ ಚಿತ್ರದ ಸುತ್ತ ಕಂದು ಗೆರೆ ಕಾಣುತ್ತಲ್ವಾ, ಅದು ಆ ರಟ್ಟಿನ ಕೆಲಸ. ಆಸಿಡ್-ಫ್ರೀ ಬೋರ್ಡ್ ಬೇಕು ಅಂತ ಬಾಯಿಬಿಟ್ಟು ಕೇಳಿ. ಹಾರ್ಡ್‌ಬೋರ್ಡ್ ಹಾಕಲೇಬೇಕಾದರೆ ಅದಕ್ಕೂ ಚಿತ್ರಕ್ಕೂ ನಡುವೆ ಒಂದು ಆಸಿಡ್-ಫ್ರೀ ಹಾಳೆ ಇರಲಿ.

ಇನ್ನು ಅಂಟಿಸುವ ವಿಷಯ. ಕೈಯಲ್ಲಿ ಬರೆದ ಚಿತ್ರ, ಸಹಿ ಇರುವ ಪ್ರಿಂಟ್, ಹಳೆಯ ಫೋಟೋ, ಇವನ್ನು ಬೆನ್ನಿಗೆಲ್ಲ ಗೋಂದು ಬಳಿದು ರಟ್ಟಿಗೆ ಮೆತ್ತಬಾರದು. ಆಮೇಲೆ ಬಿಡಿಸುವ ಹಾಗೇ ಇಲ್ಲ. ಮೇಲಿನ ಅಂಚಿನಲ್ಲಿ ಮಾತ್ರ ಎರಡು ಸಣ್ಣ ಕಾಗದದ ಪಟ್ಟಿಗಳಿಂದ ಹಿಡಿಸಿ, ಉಳಿದದ್ದು ಸಡಿಲವಾಗಿ ತೂಗಲಿ. ತೇವ ಹೆಚ್ಚಾದರೆ ಕಾಗದ ಹಿಗ್ಗುತ್ತೆ, ಒಣಗಿದರೆ ಕುಗ್ಗುತ್ತೆ. ನಾಲ್ಕೂ ಕಡೆ ಬಿಗಿದಿಟ್ಟರೆ ಅಲೆ ಅಲೆಯಾಗಿ ಎದ್ದು ನಿಲ್ಲುತ್ತೆ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಅದು ಹಳದಿಯಾಗಿ ಕಲೆ ಬಿಟ್ಟುಹೋಗುತ್ತೆ. ಗೋಧಿಯ ಪಿಷ್ಟದಿಂದ ಮಾಡಿದ ಅಂಟು ಒಳ್ಳೆಯದು, ಬೇಕೆಂದಾಗ ಸ್ವಲ್ಪ ತೇವ ಮಾಡಿ ಬಿಡಿಸಬಹುದು. ಹಾಳಾದರೆ ಇನ್ನೊಂದು ತರಬಹುದಾದ ಪೋಸ್ಟರ್ ಆದರೆ ಆರಾಮಾಗಿ ಪೂರ್ತಿ ಅಂಟಿಸಿ, ಚಪ್ಪಟೆಯಾಗಿ ಚೆಂದ ಕೂರುತ್ತೆ. ಎಲ್ಲಕ್ಕೂ ಒಂದೇ ಮಡಿ ಮಾಡಬೇಕಿಲ್ಲ.

ಚಿತ್ರದ ಸುತ್ತ ಬಿಡುವ ಮೌಂಟ್, ಅಂದರೆ ನಡುವೆ ಕಿಟಕಿ ಕೊರೆದ ರಟ್ಟು, ಬರೀ ಅಂದಕ್ಕೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಗಾಜು ಚಿತ್ರಕ್ಕೆ ತಾಗದ ಹಾಗೆ ದೂರ ಇಡುವುದೇ ಅದರ ದೊಡ್ಡ ಉಪಯೋಗ. ಫೋಟೋ ಗಾಜಿಗೆ ಒತ್ತಿಕೊಂಡಿದ್ದು ತೇವ ಸೇರಿದರೆ ಅಲ್ಲೇ ಅಂಟಿಕೊಳ್ಳುತ್ತೆ, ಎಳೆದರೆ ಬಣ್ಣ ಕಿತ್ತುಬರುತ್ತೆ. ಮೌಂಟಿನ ಕಿಟಕಿ ಚಿತ್ರಕ್ಕಿಂತ ಪ್ರತಿ ಬದಿಗೂ 5 ಮಿ.ಮೀ. ಚಿಕ್ಕದಿರಲಿ. ಎ4 ಪ್ರಿಂಟ್ ಆದರೆ 20 x 28.7 ಸೆಂ.ಮೀ. ಕಿಟಕಿ. ಅದನ್ನು 30 x 40 ಸೆಂ.ಮೀ. ರೆಡಿಮೇಡ್ ಫ್ರೇಮಿನಲ್ಲಿ ಕೂರಿಸಿದರೆ ಅಕ್ಕಪಕ್ಕ 5 ಸೆಂ.ಮೀ. ಉಳಿಯುತ್ತೆ, ಮೇಲೆ 5.3, ಕೆಳಗೆ 6. ಕೆಳಗೆ ತುಸು ಜಾಸ್ತಿ ಬಿಡುವುದು ಬೇಕೆಂದೇ. ಸಮ ಬಿಟ್ಟರೆ ಚಿತ್ರ ಕೆಳಗೆ ಜಾರಿದ ಹಾಗೆ ಕಾಣುತ್ತೆ. ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಕೆನೆ ಬಿಳಿ ಸಾಕು. ಸೋಫಾ ಬಟ್ಟೆಗೆ ಹೊಂದಿಸಿ ಮೌಂಟ್ ಆರಿಸಿದರೆ ಸೋಫಾ ಬದಲಾದ ದಿನ ಅದೂ ಬದಲಾಗಬೇಕಾಗುತ್ತೆ.

ಕ್ಯಾನ್ವಾಸಿನ ಮೇಲಿನ ಎಣ್ಣೆ ಬಣ್ಣದ ಚಿತ್ರಕ್ಕೆ ಸಾಮಾನ್ಯವಾಗಿ ಗಾಜು ಬೇಡ. ಕಾಗದದ ಮೇಲಿನದಕ್ಕೆ ಬೇಕೇ ಬೇಕು. ಗಾಜೋ, ಗಾಜಿನ ಹಾಗೇ ಕಾಣುವ ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆಯೋ? ಅಕ್ರಿಲಿಕ್ ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ, ಬಿದ್ದರೂ ಚೂರಾಗಲ್ಲ, ಅದಕ್ಕೇ ದೊಡ್ಡ ಚಿತ್ರಕ್ಕೆ, ಮಕ್ಕಳ ಕೋಣೆಗೆ ಅದು ವಾಸಿ. ಗೀರು ಮಾತ್ರ ಬೇಗ ಬೀಳುತ್ತೆ. ಇದ್ದಿಲು, ಪೇಸ್ಟಲ್ ಚಿತ್ರಗಳಿಗೆ ಸಾಧಾರಣ ಅಕ್ರಿಲಿಕ್ ಹಾಕಬೇಡಿ. ಒರೆಸಿದಾಗ ಅದರಲ್ಲಿ ವಿದ್ಯುತ್ ಹುಟ್ಟಿ ಬಣ್ಣದ ಪುಡಿಯನ್ನೇ ಎಳೆದುಕೊಳ್ಳುತ್ತೆ.

ಯುವಿ, ಅಂದರೆ ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ, ತಡೆಯುವ ಗಾಜು ಸಿಗುತ್ತೆ, ಬೆಲೆಯೂ ಹೆಚ್ಚು. ಆದರೆ ಅದು ಹಾಕಿದ್ದೇನೆಂದು ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ತೂಗಬೇಡಿ, ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತೆ. ಮ್ಯೂಸಿಯಂಗಳಲ್ಲಿ ಜಲವರ್ಣ ಚಿತ್ರಕ್ಕೆ ಬಿಡುವುದು ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಬೆಳಕು. ಮನೆಯ ಕಿಟಕಿ ಪಕ್ಕ ಹಗಲಲ್ಲಿ ಅದರ ಎಷ್ಟೋ ಪಟ್ಟು ಇರುತ್ತೆ. ಬಚ್ಚಲಿನ ಗೋಡೆ, ಒಲೆಯ ಪಕ್ಕದ ಗೋಡೆಯೂ ಬೇಡ.

ತೂಗುಹಾಕುವಾಗ ಹೆಚ್ಚಿನವರು ತೀರಾ ಮೇಲೆ ಮೊಳೆ ಹೊಡೆಯುತ್ತಾರೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂ.ಮೀ. ಇದ್ದರೆ ನಿಂತು ನೋಡುವವರ ಕಣ್ಣಿಗೆ ಸರಿಹೋಗುತ್ತೆ. ಮೊಳೆಯ ಜಾಗಕ್ಕೆ ಒಂದು ಸಣ್ಣ ಲೆಕ್ಕ ಇದೆ. ಫ್ರೇಮ್ 40 ಸೆಂ.ಮೀ. ಎತ್ತರ, ಹಿಂದಿನ ತಂತಿಯನ್ನು ಎಳೆದು ಹಿಡಿದಾಗ ಅದು ಮೇಲಂಚಿನಿಂದ 6 ಸೆಂ.ಮೀ. ಕೆಳಗೆ ಇದೆ ಅಂದುಕೊಳ್ಳಿ. 145ಕ್ಕೆ ಅರ್ಧ ಎತ್ತರ 20 ಕೂಡಿಸಿ, 6 ಕಳೆಯಿರಿ. 159ರಲ್ಲಿ ಮೊಳೆ. ಅಗಲದ ಚಿತ್ರಕ್ಕೆ ಎರಡು ಕೊಕ್ಕೆ ಹಾಕಿದರೆ ದಿನಾ ಸರಿಮಾಡುವ ಕೆಲಸ ತಪ್ಪುತ್ತೆ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಫೆಲ್ಟಿನ ಬಿಲ್ಲೆ ಅಂಟಿಸಿ, ಹಿಂದೆ ಗಾಳಿ ಆಡಲಿ.

ಒರೆಸುವಾಗ ನೀರನ್ನಾಗಲಿ ಕ್ಲೀನರನ್ನಾಗಲಿ ಗಾಜಿನ ಮೇಲೆ ಚಿಮುಕಿಸಬೇಡಿ. ಅದು ಅಂಚಿನಿಂದ ಒಳಗೆ ಇಳಿದು ಮೌಂಟನ್ನು ನೆನೆಸುತ್ತೆ. ಬಟ್ಟೆಗೆ ಹಾಕಿಕೊಂಡು ಒರೆಸಿ. ಅಕ್ರಿಲಿಕ್ಕಿಗೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬಳಸಿದರೆ ಮಂಜಾಗಿಬಿಡುತ್ತೆ, ಅದಕ್ಕೆ ಮೆತ್ತನೆಯ ಒದ್ದೆ ಬಟ್ಟೆಯೇ ಸಾಕು.